ನಾಲಿಗೆಯ ಕೆಳಗೆ

ರೇ ರೋಡ್ ಸ್ಟೇಷನ್ನಿನ ಹಿಂದೆ, ಗೋದಾಮುಗಳ ಸಾಲು ಮುಗಿದಲ್ಲಿ
ನಮ್ಮ ಕಿಟಕಿ ತೆರೆಯುವುದು ಎಂಟಕ್ಕೆ.
ಏಳೂವರೆಗೇ ಬಂದು ಕೂತಿರುತ್ತಾರೆ,
ಊರೆಲ್ಲ ಗರ್ದುಲ್ಲಾ ಎಂದು ಕರೆದು ಹೆಸರು ಮರೆತವರು.
ನನ್ನ ರಿಜಿಸ್ಟರಿನಲ್ಲಿ ಮಾತ್ರ ಅವರಿಗೆ
ಹೆಸರಿದೆ, ಅಪ್ಪನ ಹೆಸರಿದೆ, ತೂಕವಿದೆ.

ಕ್ಲೆಮೆಂಟ್ ರೆಬೆಲೊ, ಒಂದು ಕಾಲದಲ್ಲಿ
ದಾರೂಖಾನಾದಲ್ಲಿ ಹಡಗು ಕತ್ತರಿಸುತ್ತಿದ್ದವನು.
ಅವನಿಗೆ ಮೆಥಡೋನ್, ಕಾಗದದ ಲೋಟದಲ್ಲಿ ಅಳೆದು.
ಹೆಚ್ಚಾದರೆ ನಿದ್ದೆಯಲ್ಲೇ ಉಸಿರು ಮರೆಸುವ ದ್ರವ,
ಅದಕ್ಕೇ ಇಷ್ಟಿಷ್ಟೇ ಏರಿಸುತ್ತ ಎರಡು ತಿಂಗಳು ಹಿಡಿಯಿತು.
ಕುಡಿದ ಮೇಲೆ ಮಾತಾಡಬೇಕು, ಅದು ನಿಯಮ,
ಬಾಯಲ್ಲಿ ಉಳಿಸಿಕೊಂಡು ಹೊರಗೆ ಮಾರಬಾರದಲ್ಲ.
ದಿನಾ ಅವನದು ಒಂದೇ ಮಾತು:
"ಇವತ್ತು ಯಾವ ಹಡಗು ಒಡೀತಿದಾರೆ ಸಿಸ್ಟರ್?"
ನನಗೇನು ಗೊತ್ತು. ಏನೋ ಒಂದು ಹೆಸರು ಹೇಳುತ್ತೇನೆ.
ಒಂದು ದಿನ "ಗಂಗವ್ವ" ಎಂದೆ, ನಮ್ಮಜ್ಜಿಯ ಹೆಸರು.
"ಗಟ್ಟಿ ಹಡಗು," ಎಂದ, "ತಿಂಗಳು ಬೇಕು."

ವಡ್ಡರ ಯಮನಪ್ಪನದು ಉಲ್ಟಾ.
ಹಾರ್ಬರ್ ಲೈನಿನಲ್ಲಿ ಪಿನ್ನು, ಸೂಜಿ, ಹೇರ್‌ಬ್ಯಾಂಡು ಮಾರುವವ,
ಕೂಗಿದರೆ ಮೂರು ಡಬ್ಬಿಗೆ ಕೇಳಬೇಕು.
ಅವನಿಗೆ ಬುಪ್ರೆನಾರ್ಫಿನ್, ಬಿಳಿ ಗುಳಿಗೆ,
ಪುಡಿಮಾಡಿ ನಾಲಿಗೆಯ ಕೆಳಗೆ ಸುರಿಯುತ್ತೇನೆ.
ನುಂಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ,
ಹತ್ತು ನಿಮಿಷ ಬೆಂಚಿನ ಮೇಲೆ ಕೂರಬೇಕು.
ಅವನ ಇಡೀ ದಿನದಲ್ಲಿ ಅದೊಂದೇ ಮೌನ.
ಇದಕ್ಕೊಂದು ಛಾವಣಿ ಇದೆ ಎನ್ನುತ್ತಾರೆ ಡಾಕ್ಟರು,
ಒಂದು ಎತ್ತರ ದಾಟಿ ಏರುವುದಿಲ್ಲ, ಭಯ ಕಡಿಮೆ.
ಆದರೆ ಮೊದಲ ದಿನ ಅವನು ಸುಳ್ಳು ಹೇಳಿ ಬಂದಿದ್ದ,
ರಾತ್ರಿಯ ಗರ್ದ ಇನ್ನೂ ಮೈಯಲ್ಲಿರುವಾಗಲೇ.
ಗುಳಿಗೆ ಒಳಹೊಕ್ಕು ಹಳೆಯದನ್ನು ಕುತ್ತಿಗೆ ಹಿಡಿದು ದಬ್ಬಿತು.
ವಾಂತಿ, ಬೆವರು, ಮೂಗಲ್ಲಿ ನೀರು,
ನನ್ನ ಚಪ್ಪಲಿ ಹಿಡಿದುಕೊಂಡು ಅತ್ತ, ಕನ್ನಡದಲ್ಲಿ.
"ಯವ್ವಾ, ಸಾಯ್ತೀನಿ."
ಅವನು ನಮ್ಮ ಕಡೆಯವನೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೂರನೆಯದು ನಾಲ್ಟ್ರೆಕ್ಸೋನ್. ಅದು ನಮ್ಮ ಕಿಟಕಿಯಲ್ಲಿಲ್ಲ.
ಬೀಗದ ಕಣ್ಣಿಗೆ ಅರಗು ಹೊಯ್ದ ಹಾಗೆ,
ಯಾವ ಕೀಲಿಯೂ ತಿರುಗುವುದಿಲ್ಲ.
ಅದಕ್ಕೆ ಮೊದಲು ವಾರ, ಹತ್ತು ದಿನ
ಮೈ ಪೂರ್ತಿ ಖಾಲಿಯಾಗಬೇಕು, ಮೂಳೆಯವರೆಗೆ.
ದಾಟಿದವರಿದ್ದಾರೆ. ಕಾಟನ್ ಗ್ರೀನಿನ ಟ್ಯಾಕ್ಸಿ ಇಮ್ತಿಯಾಜ್,
ಬೆಳಗಿನ ಚಹಾದ ಜೊತೆ ಹೆಂಡತಿಯೇ ಕೊಡುತ್ತಾಳೆ,
ಬಾಯಿ ತೆರೆಸಿ ನೋಡುತ್ತಾಳೆ. ಆರು ವರ್ಷ ಆಯಿತು.

ನನ್ನ ತಮ್ಮನೂ ದಾಟಿದ್ದ.
ಅವನಿಗೆ ಹೆಂಡತಿ ಇರಲಿಲ್ಲ, ನನಗೆ ನೈಟ್ ಡ್ಯೂಟಿ.
ಹಾಳೆಯಲ್ಲಿ ಹದಿನೇಳು ಗುಳಿಗೆ ಒಡೆಯದೆ ಉಳಿದಿದ್ದವು.
ಮೈ ಮರೆತಿತ್ತು, ಕೈ ಮರೆತಿರಲಿಲ್ಲ,
ಹಳೆಯ ಅಳತೆಯನ್ನೇ ತೆಗೆದುಕೊಂಡ.
ಶಿವಡಿಯ ಕೆಸರು ದಂಡೆಯಲ್ಲಿ ಸಿಕ್ಕ, ನೀರು ಇಳಿದ ಹೊತ್ತು.
ಹಕ್ಕಿಗಳ ಫೋಟೋ ತೆಗೆಯಲು ಬಂದವರು ಮೊದಲು ನೋಡಿದ್ದು.

ಇವತ್ತು ಒಬ್ಬ ತಾಯಿ ಕಿಟಕಿಯ ಸರಳು ಹಿಡಿದು ನಿಂತಳು,
ಹಿಂದೆ ಮಗ, ಇಪ್ಪತ್ತೆರಡಿರಬಹುದು, ಟೋಪಿ ಕಣ್ಣ ಮೇಲೆ.
"ಮೂರರಲ್ಲಿ ಒಳ್ಳೇದು ಯಾವುದು? ಅದನ್ನೇ ಕೊಡಿ."
ಡಾಕ್ಟರು ನೋಡಿ ಹೇಳುತ್ತಾರೆ ಎಂದೆ.
"ನಿಮ್ಮ ಮನೆಯವನೇ ಆಗಿದ್ದರೆ?"
ನಾಳೆಯೂ ಅವನನ್ನು ಇಲ್ಲಿಗೆ ಕರೆತರುವುದು, ಎಂದೆ,
ನಾಡಿದ್ದೂ.
ಅವಳಿಗೆ ಅದು ಉತ್ತರವೆನ್ನಿಸಲಿಲ್ಲ.

ಯಮನಪ್ಪನ ಬಾಯಲ್ಲಿ ಪುಡಿ, ಏಳನೆಯ ನಿಮಿಷ.
ಮಾತಿಲ್ಲದೆ ಒಂದಿಷ್ಟು ಸರಿದು
ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದ.
ಹುಡುಗ ಕೂರಲಿಲ್ಲ. ಹೋಗಲೂ ಇಲ್ಲ.
ನಾನು ಸ್ಕೇಲಿಟ್ಟು ಹೊಸ ಗೆರೆ ಎಳೆದೆ.
ಹೆಸರು? ಅಪ್ಪನ ಹೆಸರು?
ತೂಕದ ಯಂತ್ರ ಅಲ್ಲಿದೆ,
ಚಪ್ಪಲಿ ಬಿಟ್ಟು ನಿಲ್ಲು.